ಚಾಗಸ್: ಲ್ಯಾಟಿನ್ ಅಮೆರಿಕದ ವಲಸಿಗ ರೋಗಿ ಎದುರಿಗೆ ಕೂತಾಗ ಏನು ಕೇಳಬೇಕು, ಏನು ಮಾಡಬೇಕು

ಚಾಗಸ್ ಎಂದರೆ ರಕ್ತ ಹೀರುವ ಕೀಟದಿಂದ ಹತ್ತಿ, ವರ್ಷಗಳ ನಂತರ ಹೃದಯವನ್ನೋ ಕರುಳನ್ನೋ ಕೆಡಿಸಬಲ್ಲ ಪರಾವಲಂಬಿ ಸೋಂಕು. ಎಂಬಿಬಿಎಸ್ ಓದುವಾಗ ನಾವೆಲ್ಲ ಅದನ್ನು ಓದಿದ್ದೇವೆ. ಪುಸ್ತಕದಲ್ಲಿ ಒಂದೆರಡು ಪುಟ, ಒಂದು ಕಣ್ಣಿನ ರೆಪ್ಪೆ ಊದಿಕೊಂಡ ಮಗುವಿನ ಚಿತ್ರ, ಪರೀಕ್ಷೆಯಲ್ಲಿ ಬಂದರೂ ಬರಬಹುದಾದ ಒಂದು ಕಿರುಪ್ರಶ್ನೆ. ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಓದಿದವರಿಗೆ ಅದು ಜನ್ಮದಲ್ಲಿ ಎದುರಾಗದ ರೋಗ, ಹಾಗಾಗಿ ಮರೆತುಬಿಟ್ಟರೂ ನಡೆಯುತ್ತಿತ್ತು. ಅದೇ ಡಾಕ್ಟರು ಮುಂದೆ ಲಾಸ್ ಏಂಜಲೀಸ್, ಹ್ಯೂಸ್ಟನ್, ನ್ಯೂಯಾರ್ಕ್ ಅಥವಾ ವಾಷಿಂಗ್ಟನ್ ಸುತ್ತಮುತ್ತ ಪ್ರಾಕ್ಟೀಸ್ ಶುರುಮಾಡಿದರೆ ಪರಿಸ್ಥಿತಿ ಬೇರೆ. ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಮೆಕ್ಸಿಕೊ, ಬೊಲಿವಿಯಾಗಳಲ್ಲಿ ಹುಟ್ಟಿದವರು ದಿನಾ ಬಿಪಿಗೆ, ಶುಗರಿಗೆ, ಬೆನ್ನುನೋವಿಗೆ ಬರುತ್ತಿರುತ್ತಾರೆ. ಅವರಲ್ಲಿ ಕೆಲವರ ಹೃದಯದ ಸ್ನಾಯುವಿನಲ್ಲಿ ಈ ಪರಾವಲಂಬಿ ಇಪ್ಪತ್ತು ಮೂವತ್ತು ವರ್ಷದಿಂದ ಮನೆಮಾಡಿಕೊಂಡಿರುತ್ತದೆ. ಅವರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಯಾಕೆಂದರೆ ನಾವು ಕೇಳುವುದೇ ಇಲ್ಲ.

ಹೊರದೇಶದ ನಗರಗಳಲ್ಲಿ ಕೆಲಸ ಮಾಡುವ ಕನ್ನಡದ ಡಾಕ್ಟರು, ನರ್ಸುಗಳು, ಫಾರ್ಮಸಿಸ್ಟರು, ವಾರಾಂತ್ಯದಲ್ಲಿ ಉಚಿತ ಕ್ಲಿನಿಕ್ಕುಗಳಿಗೆ ಸ್ವಯಂಸೇವಕರಾಗಿ ಹೋಗುವವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದ್ದೇನೆ. ಒಬ್ಬೊಬ್ಬ ರೋಗಿಯ ಚಿಕಿತ್ಸೆಯ ಕೊನೆಯ ನಿರ್ಧಾರವನ್ನು ಸೋಂಕುರೋಗ ತಜ್ಞರ ಜೊತೆ ಕೂತೇ ಮಾಡಬೇಕು. ಅಲ್ಲಿಯವರೆಗಿನ ದಾರಿ ಮಾತ್ರ ಇಲ್ಲಿದೆ.

ಮೊದಲು ಸ್ವಲ್ಪ ಹಿನ್ನೆಲೆ

1909ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ಪ್ರಾಂತ್ಯದ ಲಸಾನ್ಸ್ ಎಂಬ ಊರಿನಲ್ಲಿ ರೈಲುಹಳಿ ಹಾಕುತ್ತಿದ್ದರು. ಅಲ್ಲಿನ ಕೂಲಿಗಳಿಗೆ ಮಲೇರಿಯಾ ಹತ್ತದಂತೆ ನೋಡಿಕೊಳ್ಳಲು ಹೋಗಿದ್ದ ಡಾಕ್ಟರು ಕಾರ್ಲೋಸ್ ಚಾಗಸ್. ಗುಡಿಸಲುಗಳ ಗೋಡೆಯ ಬಿರುಕಿನಲ್ಲಿದ್ದ ರಕ್ತ ಹೀರುವ ಕೀಟದ ಹೊಟ್ಟೆಯಲ್ಲಿ ಅವರಿಗೆ ಒಂದು ಹೊಸ ಪರಾವಲಂಬಿ ಸಿಕ್ಕಿತು. ತಮ್ಮ ಗುರು ಓಸ್ವಾಲ್ಡೊ ಕ್ರೂಝ್ ಅವರ ಹೆಸರನ್ನೇ ಅದಕ್ಕಿಟ್ಟರು. ಈಗ ನಾವು ಕರೆಯುವುದು ಟ್ರಿಪನೊಸೋಮಾ ಕ್ರೂಝಿ ಎಂದು. ಆ ವರ್ಷದ ಏಪ್ರಿಲ್ 14ರಂದು ಬೆರೆನಿಸ್ ಎಂಬ ಎರಡು ವರ್ಷದ ಹುಡುಗಿಯ ರಕ್ತದಲ್ಲೂ ಅದೇ ಜೀವಿ ಕಂಡಿತು. ಏಪ್ರಿಲ್ 14 ಈಗ ವಿಶ್ವ ಚಾಗಸ್ ದಿನ. ಬೆರೆನಿಸ್ ಎಪ್ಪತ್ತು ದಾಟಿಯೂ ಬದುಕಿದ್ದಳು, ಮೈಯೊಳಗೆ ಪರಾವಲಂಬಿಯನ್ನು ಇಟ್ಟುಕೊಂಡೇ. ರೋಗಿಗಳು ಗಾಬರಿಯಾದಾಗ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಕೀಟ ಹಗಲು ಮಣ್ಣುಗೋಡೆಯ ಬಿರುಕಿನಲ್ಲೋ ಹುಲ್ಲಿನ ಮಾಡಿನಲ್ಲೋ ಅಡಗಿರುತ್ತದೆ. ರಾತ್ರಿ ಬಂದು ಮಲಗಿದವರ ಮುಖಕ್ಕೆ, ತೋಳಿಗೆ ಕಚ್ಚಿ ರಕ್ತ ಕುಡಿದು ಅಲ್ಲೇ ಹಿಕ್ಕೆ ಹಾಕುತ್ತದೆ. ಪರಾವಲಂಬಿ ಇರುವುದು ಆ ಹಿಕ್ಕೆಯಲ್ಲಿ. ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಗಾಯದ ಮೂಲಕವೋ ಕಣ್ಣಿನ ಮೂಲಕವೋ ಒಳಗೆ ಹೋಗುತ್ತದೆ. ಕೀಟ ಸೇರಿದ ಕಬ್ಬಿನ ಹಾಲು, ಅಸಾಯಿ ಹಣ್ಣಿನ ರಸ ಕುಡಿದು ಹತ್ತಿಸಿಕೊಂಡವರೂ ಬ್ರೆಜಿಲ್‌ನಲ್ಲಿ ಇದ್ದಾರೆ. ಮೊದಲ ಕೆಲವು ವಾರ ಸಣ್ಣ ಜ್ವರ ಬರಬಹುದು, ಏನೂ ಆಗದೆಯೂ ಇರಬಹುದು. ಆಮೇಲೆ ರೋಗ ಮೌನವಾಗುತ್ತದೆ, ಆದರೆ ಹೋಗುವುದಿಲ್ಲ. ನೂರು ಮಂದಿ ಸೋಂಕಿತರಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷದ ನಂತರ ಹೃದಯ ಅಥವಾ ಕರುಳು ಕೆಡುತ್ತದೆ. ಉಳಿದವರಿಗೆ ಏನೂ ಆಗುವುದಿಲ್ಲ. ಯಾರು ಯಾವ ಗುಂಪಿಗೆ ಸೇರುತ್ತಾರೆ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಜಗತ್ತಿನಲ್ಲಿ ಸುಮಾರು 70 ಲಕ್ಷ ಜನಕ್ಕೆ ಈ ಸೋಂಕು ಇದೆ ಎಂಬ ಅಂದಾಜಿದೆ. ಅಮೆರಿಕ ಒಂದರಲ್ಲೇ ಸುಮಾರು ಮೂರು ಲಕ್ಷ. ಬಹುಪಾಲು ಜನಕ್ಕೆ ಅದು ಹತ್ತಿದ್ದು ಹುಟ್ಟೂರಿನಲ್ಲಿ, ಚಿಕ್ಕಂದಿನಲ್ಲಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಕೀಟ ಇದೆ, ಟೆಕ್ಸಾಸ್‌ನಂಥ ಕಡೆ ಸ್ಥಳೀಯವಾಗಿ ಹತ್ತಿದ ಪ್ರಕರಣಗಳೂ ಇವೆ. ಆದರೆ ನಗರದ ಕ್ಲಿನಿಕ್ಕಿಗೆ ಬರುವ ಚಾಗಸ್ ಬಹುತೇಕ ವಲಸೆಯ ಜೊತೆ ಬಂದದ್ದೇ.

ಹೆಜ್ಜೆ 1: ಯಾರನ್ನು ಪರೀಕ್ಷಿಸಬೇಕು ಎಂದು ತೀರ್ಮಾನಿಸಿ

ನಿಯಮ ಸರಳ. ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳಲ್ಲಿ ಹುಟ್ಟಿದವರು, ಅಥವಾ ಅಲ್ಲಿನ ರೋಗ ಇರುವ ಪ್ರದೇಶದಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಾಳಿದವರು, ಇವರೆಲ್ಲರಿಗೂ ಜೀವನದಲ್ಲಿ ಒಮ್ಮೆ ಪರೀಕ್ಷೆ ಆಗಬೇಕು. ಸೋಂಕು ಖಚಿತವಾದವರ ಒಡಹುಟ್ಟಿದವರಿಗೆ, ತಾಯಿಗೆ, ಸೋಂಕಿತ ಹೆಂಗಸಿನ ಎಲ್ಲ ಮಕ್ಕಳಿಗೆ ಕೂಡ. ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ ಮುಂತಾದ ಕೆರಿಬಿಯನ್ ದ್ವೀಪಗಳವರು ಸ್ಪ್ಯಾನಿಷ್ ಮಾತಾಡಿದರೂ ಈ ಪಟ್ಟಿಯಲ್ಲಿ ಇಲ್ಲ. ಭಾಷೆ ನೋಡಿ ಅಲ್ಲ, ನಕ್ಷೆ ನೋಡಿ ನಿರ್ಧರಿಸಿ.

ಎಲ್ಲ ದೇಶದವರಿಗೂ ಅಪಾಯ ಒಂದೇ ಅಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ 4,755 ಜನರನ್ನು ಪರೀಕ್ಷಿಸಿದಾಗ ಒಟ್ಟಾರೆ 1.24% ಜನಕ್ಕೆ ಸೋಂಕು ಸಿಕ್ಕಿತು. ಎಲ್ ಸಾಲ್ವಡಾರ್‌ನವರಲ್ಲಿ ಮಾತ್ರ ಸುಮಾರು 3.5%. ಯುರೋಪಿನಲ್ಲಿ ಬೊಲಿವಿಯಾದವರದ್ದೇ ದೊಡ್ಡ ಪಾಲು. ಯುರೋಪಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಪರೀಕ್ಷೆಯಾದ ಬೊಲಿವಿಯನ್ನರಲ್ಲಿ ಸುಮಾರು 18% ಮಂದಿಗೆ ಸೋಂಕಿತ್ತು. ಜಿನೀವಾದಲ್ಲಿ 2008ರಲ್ಲಿ, ಬಹುಪಾಲು ದಾಖಲೆಪತ್ರ ಇಲ್ಲದ ಲ್ಯಾಟಿನ್ ಅಮೆರಿಕನ್ ವಲಸಿಗರನ್ನು ಪರೀಕ್ಷಿಸಿದಾಗ ನೂರಕ್ಕೆ ಹನ್ನೆರಡಕ್ಕೂ ಹೆಚ್ಚು ಮಂದಿಗೆ ಪಾಸಿಟಿವ್ ಬಂತು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೊಲಿವಿಯಾದವರು. ಬಾರ್ಸಿಲೋನಾದಲ್ಲಿ ಕೆಲಸ ಮಾಡುವವರಿಗೆ ಬೊಲಿವಿಯಾ, ಲಾಸ್ ಏಂಜಲೀಸ್‌ನಲ್ಲಿರುವವರಿಗೆ ಎಲ್ ಸಾಲ್ವಡಾರ್ ಮತ್ತು ಮೆಕ್ಸಿಕೊದ ಒಅಹಾಕಾ, ಹೀಗೆ ನಿಮ್ಮ ನಗರಕ್ಕೆ ಯಾವ ಊರಿನವರು ಬಂದಿದ್ದಾರೆ ಎಂಬುದನ್ನು ಒಮ್ಮೆ ವಿಚಾರಿಸಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕೆಲವು ಲಕ್ಷಣಗಳು ಕಂಡರೆ ಅವತ್ತೇ ಪರೀಕ್ಷೆ ಬರೆಯಿರಿ. ಮಧ್ಯವಯಸ್ಸಿನ ವಲಸಿಗರ ಇಸಿಜಿಯಲ್ಲಿ ರೈಟ್ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಬಲಬದಿಯ ವಿದ್ಯುತ್ ದಾರಿಯಲ್ಲಿ ತಡೆ), ಅದರಲ್ಲೂ ಅದರ ಜೊತೆಗೆ ಲೆಫ್ಟ್ ಆಂಟೀರಿಯರ್ ಫ್ಯಾಸಿಕ್ಯುಲರ್ ಬ್ಲಾಕ್ (ಎಡಬದಿಯ ಒಂದು ಕವಲಿನಲ್ಲೂ ತಡೆ) ಇದ್ದರೆ, ಚಾಗಸ್ ಅಲ್ಲ ಎಂದು ಸಾಬೀತಾಗುವವರೆಗೆ ಚಾಗಸ್ ಎಂದೇ ತಿಳಿಯಿರಿ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಎಡ ಹೃತ್ಕುಕ್ಷಿಯ ತುದಿ ಬಲೂನಿನಂತೆ ಉಬ್ಬಿದ್ದರೆ, ಕಾರಣ ಕಾಣದೆ ಲಕ್ವ ಹೊಡೆದಿದ್ದರೆ, ನಲವತ್ತರ ಆಸುಪಾಸಿನಲ್ಲೇ ಪೇಸ್‌ಮೇಕರ್ ಬೇಕಾಗಿದ್ದರೆ, ರಕ್ತನಾಳಗಳು ಸ್ವಚ್ಛವಾಗಿದ್ದೂ ಹೃದಯ ಸೋತಿದ್ದರೆ ಕೂಡ ಹಾಗೆಯೇ. ಲಾಸ್ ಏಂಜಲೀಸ್‌ನ ಒಂದು ಅಧ್ಯಯನದಲ್ಲಿ, ರಕ್ತನಾಳದ ಅಡೆತಡೆಯಿಲ್ಲದೆ ಹೃದಯ ಸೋತ ಲ್ಯಾಟಿನ್ ಅಮೆರಿಕನ್ ವಲಸಿಗರಲ್ಲಿ ಐವರಿಗೊಬ್ಬರಂತೆ ಚಾಗಸ್ ಸಿಕ್ಕಿತ್ತು. ಅಷ್ಟು ಜನರ ಕಡತದಲ್ಲಿ 'ಕಾರಣ ತಿಳಿಯದ ಕಾರ್ಡಿಯೋಮಯೋಪತಿ' (ಹೃದಯ ಸ್ನಾಯುವಿನ ರೋಗ) ಎಂದು ಬರೆದು ಮುಂದೆ ಹೋಗುವುದು ನಮ್ಮ ಸೋಮಾರಿತನ ಅಷ್ಟೇ.

ಹೆಜ್ಜೆ 2: ಕೇಳುವ ರೀತಿ

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನವರು ಎಡವುವುದು ಪರೀಕ್ಷೆಯಲ್ಲಿ ಅಲ್ಲ, ಪ್ರಶ್ನೆಯಲ್ಲಿ.

'ನಿಮಗೆ ಚಾಗಸ್ ಇದೆಯೇ' ಎಂದು ನೇರ ಕೇಳಿದರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಎಷ್ಟೋ ಜನ ಈ ಹೆಸರನ್ನೇ ಕೇಳಿರುವುದಿಲ್ಲ. ಬೊಲಿವಿಯಾದವರು ಕೇಳಿರುತ್ತಾರೆ, ಆದರೆ ಅಲ್ಲಿ ಅದು ಬಡತನದ, ದಿಢೀರ್ ಸಾವಿನ ಹೆಸರು. ಅದನ್ನು ಬಾಯಿಗೆ ತರಲು ಹಿಂಜರಿಯುತ್ತಾರೆ. ಅದಕ್ಕೆ ಬದಲು ಮನೆಯ ಬಗ್ಗೆ ಕೇಳಿ. ಹುಟ್ಟಿದ್ದು ಎಲ್ಲಿ, ಪೇಟೆಯಲ್ಲೋ ಹಳ್ಳಿಯಲ್ಲೋ? ಮನೆಯ ಗೋಡೆ ಮಣ್ಣಿನದಿತ್ತೇ, ಮಾಡು ಹುಲ್ಲಿನದೋ ಗರಿಯದೋ? ಕೋಳಿ, ಗಿನಿಯಿಲಿ ಒಳಗೇ ಇರುತ್ತಿದ್ದವೇ? ತಾಯಿ ಯಾವ ಊರಿನವರು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಬ್ಯೂನಸ್ ಐರಿಸ್‌ನ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ ಬೆಳೆದವರಿಗೂ ಹಳ್ಳಿಯಿಂದ ಬಂದ ತಾಯಿಯಿಂದ ಸೋಂಕು ದಾಟಿರಬಹುದು. ಮನೆಯವರು ಯಾರಾದರೂ ಇದ್ದಕ್ಕಿದ್ದಂತೆ ಹೃದಯ ನಿಂತು ಸತ್ತಿದ್ದಾರೆಯೇ ಎಂದೂ ಕೇಳಿ.

ಕೀಟದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಉಗುರಿನಷ್ಟೋ ಅದಕ್ಕಿಂತ ತುಸು ಉದ್ದವೋ ಇರುವ, ಚೂಪು ಮೂತಿಯ, ಹೊಟ್ಟೆಯ ಅಂಚಿಗೆ ಕಿತ್ತಳೆ ಅಥವಾ ಹಳದಿ ಪಟ್ಟೆಗಳಿರುವ ಕೀಟ. ನಮ್ಮ ತಿಗಣೆಗಿಂತ ಎಷ್ಟೋ ದೊಡ್ಡದು. ಬೊಲಿವಿಯಾ, ಅರ್ಜೆಂಟೀನಾದವರು ಅದನ್ನು ವಿಂಚೂಕಾ ಎನ್ನುತ್ತಾರೆ, ಬ್ರೆಜಿಲ್‌ನವರು ಬಾರ್ಬೇರೊ, ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾದವರು ಚಿಂಚೆ ಪಿಕೂದಾ, ಕೊಲಂಬಿಯಾದವರು ಪೀತೊ, ವೆನೆಜುವೆಲಾದವರು ಚೀಪೊ. 'ಕೊನೋಸೆ ಎಸ್ತೆ ಇನ್ಸೆಕ್ತೊ?' (ಈ ಕೀಟ ಗೊತ್ತೇ?) ಎಂದು ಕೇಳಿ ಚಿತ್ರ ತೋರಿಸಿ. ಅಲ್ಲಿಯವರೆಗೆ ಹೂಂ ಅಥವಾ ಇಲ್ಲ ಎಂದಷ್ಟೇ ಹೇಳುತ್ತಿದ್ದ ಹೆಂಗಸು ಕಣ್ಣರಳಿಸಿ, ಅಜ್ಜಿಯ ಮನೆಯ ಮಂಚದ ಹಿಂದಿನ ಗೋಡೆ, ಬೆಳಗ್ಗೆ ಎದ್ದಾಗ ಹಾಸಿಗೆ ಬಟ್ಟೆಯ ಮೇಲೆ ಕಾಣುತ್ತಿದ್ದ ಕಪ್ಪು ಚುಕ್ಕಿಗಳು, ತಮ್ಮನ ಊದಿದ ಕಣ್ಣು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. ಆ ಎರಡು ನಿಮಿಷ ಪ್ರಶ್ನಾವಳಿಯ ಹತ್ತು ಪುಟಕ್ಕಿಂತ ಹೆಚ್ಚಿನದನ್ನು ಕೊಡುತ್ತದೆ. ಚಿತ್ರ ಗುರುತಿಸದಿದ್ದರೆ ಪರೀಕ್ಷೆ ಬೇಡ ಎಂದಲ್ಲ, ಅದನ್ನೂ ನೆನಪಿಡಿ.

ದುಭಾಷಿಯಾಗಿ ಮಕ್ಕಳನ್ನು ಬಳಸಬೇಡಿ. ಹನ್ನೆರಡು ವರ್ಷದ ಮಗಳ ಬಾಯಲ್ಲಿ ತಾಯಿಗೆ 'ನಿನ್ನ ಹೃದಯಕ್ಕೆ ತೊಂದರೆಯಾಗಬಹುದು' ಎಂದು ಹೇಳಿಸುವುದು ಇಬ್ಬರಿಗೂ ಅನ್ಯಾಯ. ಇನ್ನೊಂದು ಸಂಗತಿ: ಒಅಹಾಕಾದಿಂದ ಬಂದವರ ಮನೆಮಾತು ಝಾಪೊಟೆಕ್ ಅಥವಾ ಮಿಕ್ಸ್‌ಟೆಕ್ ಇರಬಹುದು, ಗ್ವಾಟೆಮಾಲಾದವರದ್ದು ಕಿಚೆ, ಬೊಲಿವಿಯಾದವರದ್ದು ಕೆಚುವಾ. ಅವರೆಲ್ಲರಿಗೂ ಸ್ಪ್ಯಾನಿಷ್ ಸರಿಯಾಗಿ ಬರುತ್ತದೆ ಎಂದುಕೊಳ್ಳುವುದು, ಬೀದರಿನ ಹಳ್ಳಿಯ ಅಜ್ಜಿಗೂ ಕೊಡಗಿನ ಅಜ್ಜಿಗೂ ಹಿಂದಿಯಲ್ಲಿ ಔಷಧದ ವಿವರ ಕೊಟ್ಟು ಕಳಿಸಿದ ಹಾಗೆ. ಹೂಂಗುಟ್ಟಿ ಹೋಗುತ್ತಾರೆ, ಅರ್ಥವಾಗಿರುವುದಿಲ್ಲ.

ವೀಸಾ, ಕಾಗದಪತ್ರದ ಸುದ್ದಿ ಎತ್ತಬೇಡಿ. ಹುಟ್ಟೂರು ಕೇಳಿದ ಕೂಡಲೇ ಕೆಲವರು ಗಟ್ಟಿಯಾಗಿ ಕೂರುತ್ತಾರೆ. 'ಕೆಲವು ಊರುಗಳಲ್ಲಿ ಹೃದಯಕ್ಕೆ ತೊಂದರೆ ಕೊಡುವ ಒಂದು ಸೋಂಕು ಇದೆ, ಅದಕ್ಕಾಗಿ ಕೇಳುತ್ತಿದ್ದೇನೆ' ಎಂದು ಮೊದಲೇ ಹೇಳಿ ಆಮೇಲೆ ಕೇಳಿ.

ಹೆಜ್ಜೆ 3: ಪರೀಕ್ಷೆ, ಮತ್ತೆ ಪರೀಕ್ಷೆ

ಹಳೆಯ ಸೋಂಕಿಗೆ ಬೇಕಾದ್ದು ರಕ್ತದಲ್ಲಿನ ಪ್ರತಿಕಾಯ ಪರೀಕ್ಷೆ, ಅಂದರೆ ಎಲೈಸಾದಂಥದ್ದು. ಒಂದು ಪರೀಕ್ಷೆಯಿಂದ ತೀರ್ಪು ಕೊಡುವಂತಿಲ್ಲ. ಬೇರೆ ಬೇರೆ ಆಂಟಿಜೆನ್ (ಪ್ರತಿಕಾಯ ಗುರುತಿಸುವ ಪರಾವಲಂಬಿಯ ಭಾಗ) ಅಥವಾ ಬೇರೆ ವಿಧಾನದ ಎರಡು ಪರೀಕ್ಷೆಗಳು ಪಾಸಿಟಿವ್ ಆದರೆ ಮಾತ್ರ ಸೋಂಕು ಖಚಿತ. ಒಂದು ಪಾಸಿಟಿವ್, ಒಂದು ನೆಗೆಟಿವ್ ಬಂದರೆ ಮೂರನೆಯದು. ಇದೇ ಬಳಗದ ಇನ್ನೊಂದು ಪರಾವಲಂಬಿಯಾದ ಲೀಶ್ಮೇನಿಯಾದ ಸೋಂಕು ಇದ್ದವರಲ್ಲಿ ತಪ್ಪು ಪಾಸಿಟಿವ್ ಬರುವುದುಂಟು. ಅಮೆರಿಕದಲ್ಲಿ ಮೊದಲ ಪರೀಕ್ಷೆಯನ್ನು ಖಾಸಗಿ ಲ್ಯಾಬ್‌ಗಳೇ ಮಾಡುತ್ತವೆ. ಖಚಿತಪಡಿಸಲು ರಾಜ್ಯದ ಆರೋಗ್ಯ ಇಲಾಖೆಯ ಮೂಲಕ ರೋಗನಿಯಂತ್ರಣದ ಕೇಂದ್ರ ಸಂಸ್ಥೆಯಾದ ಸಿಡಿಸಿಗೆ ಮಾದರಿ ಕಳಿಸಬಹುದು. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ ವರದಿ ಮಾಡುವುದು ಕಡ್ಡಾಯ, ಹಲವು ಕಡೆ ಅಲ್ಲ. ನಿಮ್ಮ ಕಡೆ ಹೇಗೆ ಎಂದು ತಿಳಿದಿಟ್ಟುಕೊಳ್ಳಿ.

ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ, ಆಧುನಿಕ ಎಂದು. ಹಳೆಯ ಸೋಂಕಿನಲ್ಲಿ ಪರಾವಲಂಬಿ ಇರುವುದು ಅಂಗಾಂಶದಲ್ಲಿ, ರಕ್ತದಲ್ಲಿ ಅದು ಆಗಾಗ ಮಾತ್ರ ತಲೆತೋರಿಸುತ್ತದೆ. ಹಾಗಾಗಿ ಪಿಸಿಆರ್ ನೆಗೆಟಿವ್ ಬಂದರೆ ಸೋಂಕಿಲ್ಲ ಎಂದು ಅರ್ಥವಲ್ಲ. ಅದರ ಜಾಗ ಬೇರೆ: ಹೊಸದಾಗಿ ಹತ್ತಿದ ಸೋಂಕು, ಹಸುಗೂಸುಗಳು, ಮತ್ತು ರೋಗ ಮರುಕಳಿಸಿದೆಯೇ ಎಂಬ ಅನುಮಾನ.

ಇನ್ನು ರಕ್ತನಿಧಿಯ ಪತ್ರ. ಅಮೆರಿಕದಲ್ಲಿ 2007ರಿಂದ ದಾನಿಗಳ ರಕ್ತವನ್ನು ಈ ಸೋಂಕಿಗಾಗಿ ಪರೀಕ್ಷಿಸುತ್ತಿದ್ದಾರೆ. ಎಷ್ಟೋ ಜನಕ್ಕೆ ತಮ್ಮ ಸೋಂಕಿನ ಸುದ್ದಿ ಮೊದಲು ತಿಳಿಯುವುದು ಹಾಗೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬರು ಮಡಚಿ ಮಡಚಿ ಅಂಚು ಹರಿದ ಅಂಥದೊಂದು ಕಾಗದವನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟರು. ಚರ್ಚಿನಲ್ಲಿ ನಡೆದ ಶಿಬಿರದಲ್ಲಿ ರಕ್ತ ಕೊಟ್ಟಿದ್ದರಂತೆ. ಇನ್ನು ಮುಂದೆ ರಕ್ತ ಕೊಡಬೇಡಿ, ವೈದ್ಯರನ್ನು ಕಾಣಿ ಎಂದು ಇಂಗ್ಲಿಷಿನಲ್ಲಿತ್ತು. ಅವರು ಕಂಡಿದ್ದರು. ಆ ಡಾಕ್ಟರು ಓದಿ, 'ಆರಾಮಾಗಿದ್ದೀರಲ್ಲ, ಇದು ಇಲ್ಲಿನ ರೋಗ ಅಲ್ಲ, ತಲೆ ಕೆಡಿಸಿಕೊಳ್ಳಬೇಡಿ' ಎಂದು ಕಳಿಸಿದ್ದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ, ಆದರೆ ಕಾಗದವನ್ನು ಎಸೆಯಲೂ ಇಲ್ಲ. ಇಂಥ ಪತ್ರ ಎದುರಿಗೆ ಬಂದರೆ ಮಾಡಬೇಕಾದ್ದು: ಪತ್ರದ ನಕಲು ಕಡತಕ್ಕೆ, ಎರಡು ಪರೀಕ್ಷೆ, ಅದೇ ದಿನ ಒಂದು ಇಸಿಜಿ.

ಹೆಜ್ಜೆ 4: ಫಲಿತಾಂಶ ತಿಳಿಸುವುದು

ಫೋನಿನಲ್ಲಿ ಹೇಳಬೇಡಿ, ಕರೆಸಿ ಹೇಳಿ. ಹತ್ತರಲ್ಲಿ ಏಳು ಜನಕ್ಕೆ ಜೀವಮಾನವಿಡೀ ತೊಂದರೆಯಾಗುವುದಿಲ್ಲ ಎಂಬುದನ್ನು ಮೊದಲು ಹೇಳಿ. ಆಮೇಲೆ ಇದು ಹೇಗೆ ಹರಡುವುದಿಲ್ಲ ಎಂಬುದು: ಜೊತೆಗೆ ಉಂಡರೆ, ಅಪ್ಪಿಕೊಂಡರೆ, ಮುತ್ತಿಟ್ಟರೆ, ಒಂದೇ ಲೋಟದಲ್ಲಿ ಕುಡಿದರೆ ಹರಡದು. ರಕ್ತದಾನ ಮಾಡುವಂತಿಲ್ಲ.

ಬಹಳ ಜನ ಮುಂದೆ ಕೇಳುವುದು ಕೆಲಸದ ಬಗ್ಗೆ. ಅದಕ್ಕೆ ಇತಿಹಾಸವಿದೆ. ಕೆಲಸಕ್ಕೆ ಸೇರುವ ಮೊದಲು ಈ ಪರೀಕ್ಷೆ ಮಾಡಿಸಿ, ಪಾಸಿಟಿವ್ ಬಂದವರನ್ನು ಹೊರಗಿಡುವ ಪದ್ಧತಿ ಅರ್ಜೆಂಟೀನಾದಲ್ಲಿತ್ತು. 2007ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಬೇಕಾಯಿತು. ಆ ನೆನಪು ಹೊತ್ತು ಬಂದವರಿಗೆ, ಧಣಿಗೆ ತಿಳಿಸುವ ಅಗತ್ಯವಿಲ್ಲ, ನಾವೂ ತಿಳಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು.

ಹೆಜ್ಜೆ 5: ಹೃದಯ ಮತ್ತು ಹೊಟ್ಟೆಯ ತಪಾಸಣೆ

ಖಚಿತವಾದ ಪ್ರತಿಯೊಬ್ಬರಿಗೂ ಹನ್ನೆರಡು ಲೀಡಿನ ಇಸಿಜಿ, ಜೊತೆಗೆ ಹೃದಯದ ಲಯ ನೋಡಲು 30 ಸೆಕೆಂಡಿನ ರಿದಮ್ ಸ್ಟ್ರಿಪ್. ತಲೆಸುತ್ತು, ಎಚ್ಚರ ತಪ್ಪುವುದು, ಎದೆ ಡವಡವ, ಮೆಟ್ಟಿಲೇರುವಾಗ ಏದುಸಿರು, ಸಂಜೆಗೆ ಕಾಲೂತ ಇದೆಯೇ ಎಂದು ಕೇಳಿ. ಇಸಿಜಿ ಸರಿಯಿದ್ದು ಲಕ್ಷಣಗಳೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಇಸಿಜಿ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೂ ಎಕೋ, 24 ಗಂಟೆ ಇಸಿಜಿ ದಾಖಲಿಸುವ ಹೋಲ್ಟರ್, ಹೃದಯ ತಜ್ಞರ ಭೇಟಿ. ಇದರಲ್ಲಿ ಅವಸರ ಬೇಕು, ಯಾಕೆಂದರೆ ಚಾಗಸ್‌ನಲ್ಲಿ ಹೃದಯ ಪೂರ್ತಿ ಸೋಲುವ ಮುಂಚೆಯೇ ಲಯ ತಪ್ಪಿ ಸಾಯುವವರಿದ್ದಾರೆ. ತುದಿಯ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುವುದೂ ಉಂಟು.

ಊಟ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ನೀರು ಕುಡಿದು ಕುಡಿದು ತುತ್ತು ಇಳಿಸುವುದು, ವಾರಗಟ್ಟಲೆ ಮಲಬದ್ಧತೆ ಇದ್ದರೆ ಮಾತ್ರ ಬೇರಿಯಂ ಪರೀಕ್ಷೆ, ಅಂದರೆ ಬೇರಿಯಂ ದ್ರವ ಕೊಟ್ಟು ಎಕ್ಸ್‌ರೇ. ಅನ್ನನಾಳ, ದೊಡ್ಡ ಕರುಳು ಹಿಗ್ಗುವುದು ಬೊಲಿವಿಯಾ, ಬ್ರೆಜಿಲ್, ಅರ್ಜೆಂಟೀನಾ, ಚಿಲಿಯವರಲ್ಲಿ ಹೆಚ್ಚು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದವರಲ್ಲಿ ಅಪರೂಪ.

ಹೆಜ್ಜೆ 6: ಔಷಧ ಕೊಡಬೇಕೇ, ಯಾವುದು, ಹೇಗೆ

ಇರುವುದು ಎರಡೇ ಔಷಧ, ಎರಡೂ ಅರ್ಧ ಶತಮಾನ ಹಳೆಯವು: ಬೆಂಝ್‌ನಿಡಝೋಲ್ ಮತ್ತು ನಿಫರ್ಟಿಮಾಕ್ಸ್. ಹಿಂದೆ ಅಮೆರಿಕದಲ್ಲಿ ಇವನ್ನು ಸಿಡಿಸಿಯಿಂದಲೇ ತರಿಸಬೇಕಿತ್ತು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2ರಿಂದ 12 ವರ್ಷದ ಮಕ್ಕಳಿಗೆ ಬೆಂಝ್‌ನಿಡಝೋಲ್ ಅನ್ನು, 2020ರಲ್ಲಿ ಹುಟ್ಟಿದಾಗಿನಿಂದ 18ರೊಳಗಿನವರಿಗೆ ನಿಫರ್ಟಿಮಾಕ್ಸ್ ಅನ್ನು ಒಪ್ಪಿತು. ದೊಡ್ಡವರಿಗೆ ಬರೆಯುವುದು ಆ ಒಪ್ಪಿಗೆಯ ಆಚೆಗಿನದು, ಆದರೆ ಎಲ್ಲ ಕಡೆ ರೂಢಿಯಲ್ಲಿದೆ.

ಹೊಸ ಸೋಂಕು, ಹುಟ್ಟಿನಿಂದ ಬಂದ ಸೋಂಕು, ಮರುಕಳಿಸಿದ ರೋಗ, 18ರೊಳಗಿನ ಎಲ್ಲರು: ಇವರಿಗೆ ಎರಡನೇ ಯೋಚನೆಯಿಲ್ಲದೆ ಚಿಕಿತ್ಸೆ. ಮುಂದೆ ಬಸುರಾಗಬಹುದಾದ ಹೆಂಗಸರಿಗೂ, 50ರೊಳಗಿದ್ದು ಹೃದಯ ತೀರಾ ಕೆಡದವರಿಗೂ ಕೊಡುವುದೇ ಒಳ್ಳೆಯದು. 50 ದಾಟಿದವರ ಜೊತೆ ಕೂತು ಮಾತಾಡಿ ತೀರ್ಮಾನಿಸಬೇಕು. ಹೃದಯ ಈಗಾಗಲೇ ಸೋತವರಿಗೆ ಇದರಿಂದ ಲಾಭ ಕಂಡಿಲ್ಲ. 2,854 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ, ಬೆನಿಫಿಟ್ ಎಂಬ ಹೆಸರಿನ ಪ್ರಯೋಗದಲ್ಲಿ ಬೆಂಝ್‌ನಿಡಝೋಲ್ ರಕ್ತದಲ್ಲಿನ ಪರಾವಲಂಬಿಯನ್ನು ಇಳಿಸಿತು, ಆದರೆ ಕೆಟ್ಟ ಹೃದಯ ಇನ್ನಷ್ಟು ಕೆಡುವುದನ್ನು ತಡೆಯಲಿಲ್ಲ. ಇದನ್ನು ಓದಿ 'ಚಾಗಸ್‌ಗೆ ಔಷಧವೇ ಇಲ್ಲ' ಎಂದು ತಿಳಿದವರಿದ್ದಾರೆ. ನಾನು ಓದಿಕೊಳ್ಳುವುದು ಬೇರೆ ಥರ: ಹೃದಯ ಕೆಡುವ ಮೊದಲೇ ಹುಡುಕಿ.

ದೊಡ್ಡವರಿಗೆ ಬೆಂಝ್‌ನಿಡಝೋಲ್ ದಿನಕ್ಕೆ ಕೆಜಿಗೆ 5ರಿಂದ 7 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ, 60 ದಿನ. ಎಷ್ಟೇ ತೂಕವಿದ್ದರೂ ದಿನಕ್ಕೆ 300 ಮಿ.ಗ್ರಾಂಗೆ ನಿಲ್ಲಿಸುವ ತಜ್ಞರೂ ಇದ್ದಾರೆ. ಬಸುರಿಯರಿಗೆ, ಮೂತ್ರಪಿಂಡ ಅಥವಾ ಯಕೃತ್ತು ತೀವ್ರವಾಗಿ ಕೆಟ್ಟವರಿಗೆ ಕೊಡುವಂತಿಲ್ಲ. ಶುರುವಿಗೆ ಮೊದಲು ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಬಸುರಿನ ಪರೀಕ್ಷೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ರಕ್ತಪರೀಕ್ಷೆ.

ಅರುವತ್ತು ದಿನ ಉದ್ದದ ದಾರಿ. ಮೊದಲ ಹತ್ತು ಹನ್ನೆರಡು ದಿನದ ಆಸುಪಾಸಿಗೆ ಮೈಮೇಲೆ ಕೆಂಪು ಗಂಧೆ, ತುರಿಕೆ ಬರುವುದು ಸಾಮಾನ್ಯ. ಆಗ ರೋಗಿ ನಮಗೆ ಹೇಳದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ಎರಡನೇ ವಾರದ ಶುರುವಿನಲ್ಲಿ ನಾವೇ ಫೋನ್ ಮಾಡಬೇಕು. ಸಣ್ಣ ಗಂಧೆಗೆ ತುರಿಕೆಯ ಮಾತ್ರೆ ಕೊಟ್ಟು ಮುಂದುವರಿಸಬಹುದು. ಜ್ವರ ಬಂದರೆ, ಬಾಯಲ್ಲಿ ಹುಣ್ಣಾದರೆ, ಚರ್ಮ ಸುಲಿದರೆ ತಕ್ಷಣ ನಿಲ್ಲಿಸಿ ಬರಹೇಳಿ. ಎರಡನೇ ತಿಂಗಳಿನಲ್ಲಿ ಅಂಗಾಲು ಜೋಮು ಹಿಡಿದಂತಾಗುವುದು, ಉರಿಯುವುದು ನರಗಳಿಗೆ ಪೆಟ್ಟಾದ ಗುರುತು. ಅಲ್ಲಿಗೆ ಆ ಔಷಧ ಸಾಕು. ಗಂಟಲು ನೋವು, ಜ್ವರ ಬಂದರೆ ಬಿಳಿರಕ್ತಕಣ ಇಳಿದಿದೆಯೇ ನೋಡಬೇಕು. ಈ ಎರಡು ತಿಂಗಳು ಬಿಯರ್ ಸಹ ಬೇಡ. ಕಟ್ಟಡದ ಕೆಲಸ ಮುಗಿಸಿ ಶುಕ್ರವಾರ ಸಂಜೆ ಗೆಳೆಯರ ಜೊತೆ ಕೂರುವವರಿಗೆ ಇದನ್ನು ಮೊದಲ ದಿನವೇ, ನಗುತ್ತಲೇ ಆದರೂ ಗಟ್ಟಿಯಾಗಿ ಹೇಳಿ.

ನಿಫರ್ಟಿಮಾಕ್ಸ್‌ನ ಕಾಟ ಬೇರೆ: ಹಸಿವು ಸಾಯುತ್ತದೆ, ತೂಕ ಇಳಿಯುತ್ತದೆ, ವಾಕರಿಕೆ, ನಿದ್ದೆಗೇಡು, ಸಿಡಿಮಿಡಿ. ಬೆಂಝ್‌ನಿಡಝೋಲ್ ಒಗ್ಗದವರಿಗೆ ಇದನ್ನು ಕೊಡುತ್ತಾರೆ. ಕಡಿಮೆ ದಿನ ಔಷಧ ಕೊಟ್ಟರೆ ಸಾಕಾಗಬಹುದೇ ಎಂಬ ಪ್ರಯೋಗಗಳು ನಡೆದಿವೆ, ಭರವಸೆಯನ್ನೂ ಮೂಡಿಸಿವೆ. ಆದರೆ ಅದನ್ನು ನೀವಾಗಿ ಶುರುಮಾಡಬೇಡಿ.

ವಿಮೆ ಇಲ್ಲದವರಿಗೆ ದುಡ್ಡಿನ ಚಿಂತೆ. ತಯಾರಕ ಕಂಪನಿಗಳ ನೆರವಿನ ಯೋಜನೆಗೆ ಅರ್ಜಿ ಹಾಕಬಹುದು, ಕ್ಲಿನಿಕ್ಕಿನ ಸೋಷಿಯಲ್ ವರ್ಕರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ. ಲಾಸ್ ಏಂಜಲೀಸ್‌ನವರಿಗೆ 2007ರಿಂದ ಆಲಿವ್ ವ್ಯೂ ಆಸ್ಪತ್ರೆಯಲ್ಲಿ ಚಾಗಸ್‌ಗೆಂದೇ ಒಂದು ಕೇಂದ್ರವಿದೆ.

ಹೆಜ್ಜೆ 7: ಬಸುರಿ ಮತ್ತು ಕೂಸು

ಸೋಂಕಿತ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ ಐದರಷ್ಟು. ಬಸುರಿನಲ್ಲಿ ಔಷಧವಿಲ್ಲ, ಆದರೆ ಪರೀಕ್ಷೆ ಆಗಲೇ ಆಗಬೇಕು, ಕೂಸಿನ ಮೇಲೆ ಕಣ್ಣಿಡುವುದಕ್ಕಾಗಿ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2010ರಿಂದ ಲ್ಯಾಟಿನ್ ಅಮೆರಿಕದ ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡುತ್ತಾರೆ. ಅಮೆರಿಕದಲ್ಲಿ ಅದು ಇನ್ನೂ ಆಯಾ ಡಾಕ್ಟರ ನೆನಪಿನ ಮೇಲೆ ನಿಂತಿದೆ.

ಕೂಸಿಗೆ ಹುಟ್ಟಿದ ಕೂಡಲೇ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಪಿಸಿಆರ್ ಮಾಡಿ. ನೆಗೆಟಿವ್ ಬಂದರೆ ನಾಲ್ಕರಿಂದ ಆರು ವಾರಕ್ಕೆ ಪಿಸಿಆರ್ ಮತ್ತೊಮ್ಮೆ. ತಾಯಿಯ ಪ್ರತಿಕಾಯಗಳು ಕೂಸಿನ ಮೈಯಲ್ಲಿ ತಿಂಗಳುಗಟ್ಟಲೆ ಇರುವುದರಿಂದ ಪ್ರತಿಕಾಯ ಪರೀಕ್ಷೆ 9 ತಿಂಗಳಾದ ಮೇಲೆ. ಈ ಒಂಬತ್ತನೇ ತಿಂಗಳ ಭೇಟಿಯೇ ತಪ್ಪಿಹೋಗುವುದು. ಲಸಿಕೆಯ ಕಾರ್ಡಿನಲ್ಲೇ ಬರೆದುಕೊಡಿ. ಮೊದಲ ವರ್ಷದೊಳಗೆ ಚಿಕಿತ್ಸೆಯಾದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೂಸುಗಳು ಪೂರ್ತಿ ಗುಣವಾಗುತ್ತವೆ. ಎದೆಹಾಲು ಕೊಡಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ವಾಸಿಯಾಗುವವರೆಗೆ ತಡೆಯಿರಿ.

ಹೆರಿಗೆ ಮತ್ತು ಎದೆಹಾಲಿನ ಕಾಲ ಮುಗಿದ ಮೇಲೆ ತಾಯಿಗೆ ಚಿಕಿತ್ಸೆ ಕೊಟ್ಟರೆ ಮುಂದಿನ ಬಸುರಿನಲ್ಲಿ ಸೋಂಕು ದಾಟುವ ಸಾಧ್ಯತೆ ಬಹುತೇಕ ಇಲ್ಲವಾಗುತ್ತದೆ. ಹಿಂದಿನ ಮಕ್ಕಳನ್ನೂ ಪರೀಕ್ಷಿಸಿ, ಅವರಿಗೆ ಇಪ್ಪತ್ತೈದು ವರ್ಷವಾಗಿದ್ದರೂ, ಅವರು ಅಮೆರಿಕ ಬಿಟ್ಟು ಹೊರಗೆ ಕಾಲಿಡದಿದ್ದರೂ.

ಹೆಜ್ಜೆ 8: ರೋಗನಿರೋಧಕ ಶಕ್ತಿ ಕುಗ್ಗುವ ಮೊದಲು

ಅಂಗಾಂಗ ಕಸಿ, ಕೀಮೋಥೆರಪಿ, ದೀರ್ಘಕಾಲದ ಸ್ಟೆರಾಯ್ಡ್ ಶುರುವಾಗುವ ಮುಂಚೆ, ಎಚ್‌ಐವಿ ಪತ್ತೆಯಾದ ಕೂಡಲೇ ಚಾಗಸ್ ಪರೀಕ್ಷೆ ಮಾಡಿಸಿ. ಮಲಗಿದ್ದ ಪರಾವಲಂಬಿ ಎದ್ದರೆ ಜೀವಕ್ಕೆ ಅಪಾಯ. ಎಚ್‌ಐವಿ ಇದ್ದವರ ಸಿಡಿ4 (ರೋಗನಿರೋಧಕ ಬಿಳಿರಕ್ತಕಣ) ಎಣಿಕೆ 200ರ ಕೆಳಗಿದ್ದು ಮಿದುಳಿನಲ್ಲಿ ಗಂಟು ಕಂಡರೆ ಎಲ್ಲರೂ ಟಾಕ್ಸೊಪ್ಲಾಸ್ಮಾ ಎಂಬ ಬೇರೊಂದು ಪರಾವಲಂಬಿಯೆಂದು ಚಿಕಿತ್ಸೆ ಶುರುಮಾಡುತ್ತಾರೆ. ರೋಗಿ ಲ್ಯಾಟಿನ್ ಅಮೆರಿಕದವರಾದರೆ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೃದಯ ಕಸಿಯಾದವರಲ್ಲಿ ಮರುಕಳಿಸಿದ ಚಾಗಸ್, ಕಸಿಯನ್ನು ದೇಹ ತಿರಸ್ಕರಿಸಿದಂತೆಯೇ ಕಾಣುತ್ತದೆ. ತಿರಸ್ಕಾರವೆಂದು ಸ್ಟೆರಾಯ್ಡ್ ಏರಿಸಿದರೆ ಉರಿಗೆ ಎಣ್ಣೆ ಸುರಿದಂತೆ. ಅಂದಹಾಗೆ, ಇದೇ ರೋಗಿಗಳಿಗೆ ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳುವಿನ ಪರೀಕ್ಷೆಯನ್ನೂ ಸೇರಿಸಿ ಬರೆದುಬಿಡಿ, ಸ್ಟೆರಾಯ್ಡ್ ಅದನ್ನೂ ಕೆರಳಿಸುತ್ತದೆ.

ನಮ್ಮವರು ಕೇಳುವ ಪ್ರಶ್ನೆಗಳು

ಮಾಂಟೆರೇ, ಗ್ವಾಡಲಹಾರಾ, ಸಾವೊ ಪೌಲೊಗಳಿಗೆ ಐಟಿ ಕೆಲಸದ ಮೇಲೆ ಹೋಗಿ ವರ್ಷವಿದ್ದು ಬಂದ ಕನ್ನಡಿಗರು ವಿಚಾರಿಸುತ್ತಾರೆ. ನಗರದ ಕಾಂಕ್ರೀಟ್ ಅಪಾರ್ಟ್‌ಮೆಂಟಿನಲ್ಲಿದ್ದವರಿಗೆ ಅಪಾಯ ತೀರಾ ಕಡಿಮೆ. ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಮಣ್ಣಿನ ಮನೆಗಳಲ್ಲಿ ಮಲಗಿದ್ದರೆ, ಅಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನೊಂದು ಪ್ರಶ್ನೆಯನ್ನು ಮೆಲ್ಲಗೆ, ಬದಿಗೆ ಕರೆದು ಕೇಳುತ್ತಾರೆ: 'ನಮ್ಮ ಪಾಪುವನ್ನು ನೋಡಿಕೊಳ್ಳುವಾಕೆ ಎಲ್ ಸಾಲ್ವಡಾರ್‌ನವಳು, ಅವಳಿಗೆ ಇದು ಇದೆಯಂತೆ. ಬಿಡಿಸಬೇಕಾ?' ಬೇಡ. ಆಕೆ ಎತ್ತಿ ಆಡಿಸಿದರೆ, ಅಡುಗೆ ಮಾಡಿ ಉಣಿಸಿದರೆ ಮಗುವಿಗೆ ಏನೂ ಆಗುವುದಿಲ್ಲ. ಆಕೆಗೆ ಚಿಕಿತ್ಸೆ ನಡೆಯುತ್ತಿದ್ದರೆ, ಎರಡು ಮೂರು ವಾರಕ್ಕೊಮ್ಮೆ ರಕ್ತಪರೀಕ್ಷೆಗೆ ಹೋಗಲು ಅರ್ಧ ದಿನದ ರಜೆ ಕೊಡಿ, ಸಂಬಳ ಹಿಡಿಯಬೇಡಿ.

ಹೆಜ್ಜೆ 9: ಕೈಗೆ ಒಂದು ಕಾಗದ

ಚಿಕಿತ್ಸೆ ಮುಗಿದ ಮೇಲೂ ದೊಡ್ಡವರ ಪ್ರತಿಕಾಯ ಪರೀಕ್ಷೆ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ, ಮುಂದೆ ಬೇರೆ ಊರಿನಲ್ಲಿ ಬೇರೆ ಡಾಕ್ಟರು ಪರೀಕ್ಷಿಸಿ 'ಪಾಸಿಟಿವ್' ಎಂದಾಗ ರೋಗಿ ಕುಸಿದುಹೋಗುತ್ತಾರೆ, ಆ ಡಾಕ್ಟರು ಮತ್ತೆ ಅರುವತ್ತು ದಿನದ ಔಷಧ ಬರೆದರೂ ಬರೆದರೇ. ವಲಸಿಗರು ಕೆಲಸ ಹುಡುಕಿಕೊಂಡು ಊರು ಬದಲಿಸುತ್ತಾರೆ, ಅವರ ಹಿಂದೆ ಕಡತ ಹೋಗುವುದಿಲ್ಲ. ಅದಕ್ಕೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಒಂದು ಪುಟ ಬರೆದು ಕೈಗೆ ಕೊಡಿ. ಎರಡು ಪರೀಕ್ಷೆಗಳ ಹೆಸರು ಮತ್ತು ತಾರೀಕು, ಕೊಟ್ಟ ಔಷಧ, ಎಷ್ಟು ದಿನ ತೆಗೆದುಕೊಂಡರು, ಯಾಕೆ ನಿಂತಿತು, ಮೊದಲ ಇಸಿಜಿಯ ನಕಲು, ಮುಂದಿನ ಇಸಿಜಿ ಯಾವ ತಿಂಗಳು, ಯಾವ ಮಕ್ಕಳ ಪರೀಕ್ಷೆ ಆಗಿದೆ, ಯಾರದ್ದು ಬಾಕಿ. ಸಾಧ್ಯವಾದರೆ ಲ್ಯಾಮಿನೇಟ್ ಮಾಡಿಸಿ ಕೊಡಿ, ಪರ್ಸಿನಲ್ಲಿ ಹರಿಯದೆ ಉಳಿಯುತ್ತದೆ. ಫೋನಿನಲ್ಲೂ ಒಂದು ಫೋಟೊ ತೆಗೆದುಕೊಳ್ಳಲು ಹೇಳಿ.